ಸರಸಮ್ಮ ಹೇಳಿದ ಸಾಕ್ಷಿ

ದೊಡ್ಡಆಲಹಳ್ಳಿಯಿಂದ ಒಳಕ್ಕೆ ಹೋಗುವ ಮಣ್ಣುರಸ್ತೆ ಒಂದು ಪಾಳ್ಯದಲ್ಲಿ ಮುಗಿಯುತ್ತದೆ. ಮುಂದೆ ಕೆರೆ, ಕೆರೆಯಾಚೆ ಕುರುಚಲು ಕಾಡು. ಆ ಪಾಳ್ಯದಲ್ಲಿ ರೇಷ್ಮೆಹುಳು ಸಾಕಿಕೊಂಡು ಬದುಕುವ ಹೆಂಗಸು ಸರಸಮ್ಮ. ಎತ್ತರದ ಆಳು, ಕಡಿಮೆ ಮಾತು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವಾಗ ಯಾರಾದರೂ ಬೇಲಿಯಾಚೆಯಿಂದ ಕೂಗಿದರೆ ಮೊದಲು ಕೈಯಲ್ಲಿದ್ದ ಹೊರೆ ಕಟ್ಟಿ, ಆಮೇಲೆ ತಿರುಗಿ ನೋಡುವ ಸ್ವಭಾವ.

ಗಂಡ ತಿಮ್ಮಯ್ಯ ಇನ್ನೂ ನಿಧಾನ. ಅವನಿಗೆ ಕೋಪ ಬಂದದ್ದನ್ನು ಕಂಡವರಿಲ್ಲ. ಅವರ ತೋಟದ ಮೂಲೆಯಲ್ಲಿ ಹೊಂಗೆಮರದಡಿ ಒಂದು ಮಾಸ್ತಿಕಲ್ಲಿತ್ತು. ಗಂಡ ಕಾಳಗದಲ್ಲಿ ಸತ್ತ ಮೇಲೆ ಬೆಂಕಿಗೆ ಹೋದ ಯಾವುದೋ ಕಾಲದ ಹೆಣ್ಣುಮಗಳ ನೆನಪಿಗೆ ನಿಲ್ಲಿಸಿದ್ದು. ಮೇಲಕ್ಕೆತ್ತಿದ ಒಂದು ಕೈ, ಮೊಳಕೈವರೆಗೆ ಬಳೆ, ಬೆರಳ ನಡುವೆ ನಿಂಬೆಹಣ್ಣು. ಕೆಳಗೆ ಕುದುರೆ ಏರಿದ ಗಂಡ. ಊರವರ ಬಾಯಲ್ಲಿ ಅದು ಮಾಸ್ತಮ್ಮ. ಶುಕ್ರವಾರ ಅದಕ್ಕೆ ಎಣ್ಣೆ ಸವರಿ ಕುಂಕುಮ ಇಡುವುದು ತಿಮ್ಮಯ್ಯನ ಮನೆತನದವರ ಪಾಲಿನ ಕೆಲಸ. ತಿಮ್ಮಯ್ಯ ಅದನ್ನು ದೊಡ್ಡ ಭಕ್ತಿಯಿಂದ ಮಾಡುತ್ತಿದ್ದನೆಂದಲ್ಲ. ಮನೆಯ ಮುದುಕಿಯೊಬ್ಬಳಿಗೆ ಊಟ ಕೊಟ್ಟು ಬರುವವನಂತೆ ಹೋಗಿ ಬರುತ್ತಿದ್ದ.

ಅವರಿಗೆ ಮಕ್ಕಳಾಗಲಿಲ್ಲ. ಮದುವೆಯಾದ ಮೇಲೆ ಕೆಲವು ವರ್ಷ ಸರಸಮ್ಮ ದೊಡ್ಡಮಳೂರಿಗೆ ಹೋಗಿ ಅಂಬೆಗಾಲು ಕೃಷ್ಣನ ಮುಂದೆ ಹರಕೆ ಹೊತ್ತಿದ್ದಳು. ಅದೇ ಸುಮಾರಿಗೆ ತಿಮ್ಮಯ್ಯನ ತಂಗಿ ಜ್ವರ ಬಂದು ತೀರಿಕೊಂಡಳು. ಅವಳ ಗಂಡ ಬೇರೆ ಮದುವೆಗೆ ಓಡಾಡತೊಡಗಿದಾಗ ಇನ್ನೂ ನಡೆಯಲು ಬಾರದ ಕೂಸನ್ನು ತಿಮ್ಮಯ್ಯ ಹೆಗಲ ಮೇಲೆ ಹಾಕಿಕೊಂಡು ಬಂದ. ಮನೆಯ ಹೊಸಿಲ ಬಳಿ ಇಳಿಸಿದಾಗ ಕೂಸು ಅಂಬೆಗಾಲಿಕ್ಕಿಕೊಂಡೇ ಒಳಗೆ ಹೋಯಿತು. ದೇವರು ಕೊಟ್ಟದ್ದು ಇದನ್ನೇ ಎಂದು ಸರಸಮ್ಮ ಅಂದುಕೊಂಡಳು. ಮತ್ತೆ ಹರಕೆ ಹೊರಲಿಲ್ಲ.

ಕೂಸಿನ ಹೆಸರು ಅಶ್ವಥ್. ತಿಮ್ಮಯ್ಯನನ್ನು ಮಾವ ಎಂದೂ ಅವಳನ್ನು ಅವ್ವ ಎಂದೂ ಕರೆದುಕೊಂಡು ಬೆಳೆದ. ಪಿಯುಸಿಗೆ ಓದು ಬಿಟ್ಟು ಸಾಮಾನು ಸಾಗಿಸುವ ಟಾಟಾ ಏಸ್ ಗಾಡಿ ಇಟ್ಟ. ಊರವರ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ, ತೆಂಗಿನಕಾಯಿಯನ್ನು ಕನಕಪುರಕ್ಕೆ ಒಯ್ಯುತ್ತಿದ್ದ. ಮಾಗಡಿ ಕಡೆಯ ಕಲ್ಯದಿಂದ ಲತಾಮಣಿಯನ್ನು ಮದುವೆಯಾಗಿ ಬಂದ. ಸೊಸೆ ಬಸುರಾದಾಗ ಸರಸಮ್ಮ ಊರಿಗೆಲ್ಲ ಬೆಲ್ಲ ಹಂಚಿದಳು.

ಆ ವರ್ಷದ ಕಾರ್ತಿಕದಲ್ಲಿ ಕನಕಪುರದ ಛತ್ರವೊಂದರಲ್ಲಿ ಪಾಳ್ಯದ ಹುಡುಗಿಯೊಬ್ಬಳ ಮದುವೆಯಿತ್ತು. ಊರಿಗೆ ಊರೇ ಹೊರಟಿತು. ತಿಮ್ಮಯ್ಯ ಮಾತ್ರ ಉಳಿದ. ಹುಳು ಹಣ್ಣಾಗಿದ್ದವು. ಮೈ ಹಳದಿಗೆ ತಿರುಗಿ ತಲೆ ಎತ್ತಿದ ಹುಳುಗಳನ್ನು ಆಯ್ದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆ ಕೆಲಸ ಯಾರ ಮದುವೆಗೂ ಕಾಯುವುದಿಲ್ಲ. ಸೈಕ್ಲೋನಿನ ಜಡಿಮಳೆ ಬೇರೆ ಹಿಡಿದಿತ್ತು. ತಿಮ್ಮಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ಹುಳದ ಮನೆಯ ಬಾಗಿಲಲ್ಲಿ ನಿಂತು, ತನಗೂ ಒಂದು ಒಬ್ಬಟ್ಟು ತರುವಂತೆ ಹೆಂಡತಿಗೆ ಹೇಳಿದ. ಅವಳು ಅವನನ್ನು ಜೀವಂತ ಕಂಡದ್ದು ಅದೇ ಕಡೆ.

ಅಶ್ವಥ್ ಹೆಂಗಸರನ್ನೆಲ್ಲ ಗಾಡಿಯಲ್ಲಿ ಛತ್ರಕ್ಕೆ ಬಿಟ್ಟು, ಒಂದು ಬಾಡಿಗೆ ಇದೆಯೆಂದು ಹೋದ. ಸಂಜೆ ಎಲ್ಲರನ್ನೂ ಕರೆದೊಯ್ಯಲು ಬಂದ. ಹೊಟ್ಟೆ ಸರಿಯಿಲ್ಲವೆಂದು ಎಲೆಯ ಮುಂದೆ ಕೂರಲಿಲ್ಲ. ಸರಸಮ್ಮ ಅವನಿಗೆ ಬಿಸಿನೀರು ಕೇಳಿ ತಂದುಕೊಟ್ಟಳು.

ಊರಿಗೆ ಬಂದಾಗ ಹುಳದ ಮನೆಯ ಬಾಗಿಲು ತೆರೆದಿತ್ತು. ಅರ್ಧ ಚಂದ್ರಿಕೆ ತುಂಬಿದ್ದವು, ಅರ್ಧ ಖಾಲಿ. ಹಣ್ಣಾದ ಹುಳುಗಳು ಗೂಡು ಕಟ್ಟಲು ಜಾಗ ಸಿಗದೆ ಗೋಡೆಯ ಮೇಲೆ, ಬಾಗಿಲ ಸಂದಿಯಲ್ಲಿ, ತಿಮ್ಮಯ್ಯ ಕಳಚಿಟ್ಟ ಚಪ್ಪಲಿಯೊಳಗೆ ಹರಿದಾಡುತ್ತಿದ್ದವು. ಗಂಡ ಎಲ್ಲೋ ಬಿದ್ದಿದ್ದಾನೆ ಎಂದು ಸರಸಮ್ಮನಿಗೆ ಆಗಲೇ ಅನ್ನಿಸಿತು. ಹುಡುಕಿದರು. ಕತ್ತಲಾದ ಮೇಲೆ ಕೆರೆಯ ತೂಬಿನ ಹತ್ತಿರ ಹೆಣ ಸಿಕ್ಕಿತು. ತಲೆಯ ಹಿಂಭಾಗ ಒಡೆದಿತ್ತು. ಮೈಮೇಲಿನ ಕಂಬಳಿ ಇರಲಿಲ್ಲ.

ಹೊಂಗೆಮರದಡಿ ಮಾಸ್ತಮ್ಮ ಇಲ್ಲದ್ದನ್ನು ಯಾರೋ ನೋಡಿದ್ದು ಮಾರನೆಯ ಬೆಳಿಗ್ಗೆ. ಕಲ್ಲು ನಿಂತಿದ್ದ ಗುಂಡಿಯಲ್ಲಿ ಮಳೆನೀರು ತುಂಬಿತ್ತು. ಗಾಡಿಯ ಗುರುತೇನಾದರೂ ಇದ್ದಿದ್ದರೆ ಅದನ್ನೂ ಮಳೆ ತೊಳೆದಿತ್ತು.

ಪೊಲೀಸರು ಬಂದರು. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಎದೆಯಲ್ಲಿ ನೀರು ತುಂಬಿದೆ, ಮುಳುಗಿ ಸತ್ತಿದ್ದಾನೆ ಎಂದರು. ಏರಿಯ ಮೇಲೆ ಜಾರಿ, ಕಲ್ಲಿಗೆ ತಲೆ ಬಡಿದು ನೀರಿಗೆ ಬಿದ್ದಿರಬೇಕು ಎಂದಾಯಿತು. ಆದರೆ ಊರಿಗೆ ಬೇರೆಯೇ ಕತೆ ಬೇಕಿತ್ತು, ಅದು ಎರಡೇ ದಿನಕ್ಕೆ ಸಿದ್ಧವಾಯಿತು. ಊರೆಲ್ಲ ಮದುವೆಗೆ ಹೋದಾಗ ಅವನೊಬ್ಬ ಯಾಕೆ ಉಳಿದ? ಹಣ್ಣಾದ ಹುಳು ಬಿಟ್ಟು ಕೆರೆಗೆ ಯಾಕೆ ಹೋದ? ಕಲ್ಲನ್ನು ಮಾರಿದ, ಮಾಸ್ತಮ್ಮ ಬಿಡಲಿಲ್ಲ, ಅವತ್ತೇ ನೀರಿಗೆ ಎಳೆದುಕೊಂಡಳು ಎಂದು ಜನ ಆಡಿಕೊಂಡರು. ತಿಥಿಯ ಊಟಕ್ಕೆ ಬಂದವರು ಮನೆಯವರಷ್ಟೇ. ಹಂಡೆಯಲ್ಲಿ ಉಳಿದ ಅನ್ನವನ್ನು ಸರಸಮ್ಮ ದನಕ್ಕೆ ಸುರಿದಳು.

ಮಗನಾಗಿ ಕೊಳ್ಳಿ ಇಟ್ಟವನು ಅಶ್ವಥ್. ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕೂತಿದ್ದ ಅವನನ್ನು ಕಂಡು ಸರಸಮ್ಮ ತನ್ನ ದುಃಖ ಬದಿಗಿಟ್ಟು ಅವನಿಗೇ ಸಮಾಧಾನ ಹೇಳುತ್ತಿದ್ದಳು. ಗಂಡನ ಹೆಸರು ಉಳಿಯಬೇಕಾದರೆ ಕಲ್ಲು ಯಾರು ಒಯ್ದರೆಂದು ತಿಳಿಯಬೇಕು ಎಂಬುದು ಅವಳ ಮನಸ್ಸಿಗೆ ಬಂತು. ಅಶ್ವಥ್‌ಗೆ ಹೇಳಿದರೆ, ಹೋದದ್ದು ಹೋಯಿತು, ಕೆದಕಬೇಡ ಅನ್ನುತ್ತಿದ್ದ. ಅವಳು ಬಿಡದಿದ್ದಾಗ ತಾನೇ ಗಾಡಿಯಲ್ಲಿ ಕೂರಿಸಿಕೊಂಡು ಸಾತನೂರು, ಕನಕಪುರ, ಹಾರೋಹಳ್ಳಿ ಎಂದು ಹಳೇ ಸಾಮಾನು ಮಾರುವವರ ಅಂಗಡಿಗಳಿಗೆ ತಿರುಗಿಸಿದ. ಎಲ್ಲಿಯೂ ಏನೂ ಸಿಗಲಿಲ್ಲ.

ಚಂದ್ರಿಕೆ ಹತ್ತಿದ್ದ ಅರ್ಧ ಹುಳುಗಳು ಗೂಡು ಕಟ್ಟಿದ್ದವು. ಅದನ್ನು ಮಾರಲು ಸರಸಮ್ಮ ರಾಮನಗರದ ಮಾರ್ಕೆಟ್ಟಿಗೆ ಹೋದಳು. ಅಲ್ಲಿ ಹಮೀದಾ ಸಿಕ್ಕಳು. ಹಮೀದಾಳ ಮನೆಯವರು ಗೂಡಿನಿಂದ ನೂಲು ತೆಗೆಯುವ ರೀಲರುಗಳು. ತಿಮ್ಮಯ್ಯನ ಗೂಡನ್ನು ಬಹಳ ವರ್ಷದಿಂದ ಬಲ್ಲವರು. ಹಬ್ಬಕ್ಕೆ ಅವಳು ಕಳಿಸುತ್ತಿದ್ದ ಸುರಕುಂಬಾ ಪಾಯಸ ತಿಮ್ಮಯ್ಯನಿಗೆ ತುಂಬ ಇಷ್ಟ. ಸುದ್ದಿ ಕೇಳಿ ಅವಳು ಅತ್ತಳು. ಊರವರು ಆಡಿದ್ದನ್ನು ಕೇಳಿದಾಗ ಮಾತ್ರ ಅಳು ನಿಲ್ಲಿಸಿ, ತಿಮ್ಮಯ್ಯಣ್ಣ ರಾಶಿಯಲ್ಲಿ ಒಂದು ಕೆಟ್ಟ ಗೂಡು ಸೇರಿಸಿ ಕೊಟ್ಟವರಲ್ಲ, ದೇವರನ್ನು ಮಾರುತ್ತಾರಾ ಎಂದು ಕೇಳಿದಳು. ಕಲ್ಲು ಹೇಗಿತ್ತೆಂದು ವಿಚಾರಿಸಿದಳು. ಎತ್ತಿದ ಕೈ, ಬಳೆ, ನಿಂಬೆಹಣ್ಣು ಎಂದು ಸರಸಮ್ಮ ತನ್ನ ಕೈಯನ್ನೇ ಎತ್ತಿ ತೋರಿಸಿದಳು.

ಆ ವಾರವೇ ಹಮೀದಾಳ ಫೋನ್ ಬಂತು. ಅವಳ ತಮ್ಮ ರಸೂಲ್ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನು. ಕೆಲಸ ಕಡಿಮೆಯಾದಾಗ ದೂರದೂರಿಗೆ ಹೋಗುವ ಸಾಮಾನಿಗೆ ಮರದ ಪೆಟ್ಟಿಗೆ ಹೊಡೆದುಕೊಡುತ್ತಿದ್ದ. ಅಂಥ ಕಲ್ಲನ್ನು ಅವನು ನೋಡಿದ್ದಾನೆ, ಬಂದು ಮಾತಾಡು ಎಂದಳು. ಸರಸಮ್ಮ ಅಶ್ವಥ್‌ಗೆ ಈ ಸಂಗತಿ ಹೇಳಲಿಲ್ಲ. ಇದೂ ಸುಳ್ಳಾದರೆ ಅವನು ಮತ್ತೆ ನೊಂದುಕೊಳ್ಳುತ್ತಾನೆ ಎಂದು, ಹುಟ್ಟುವ ಕೂಸಿಗೆ ತೊಟ್ಟಿಲು ನೋಡಿ ಬರೋಣ ಎಂದಷ್ಟೇ ಹೇಳಿ ಹೊರಡಿಸಿದಳು.

ರಸೂಲನ ಮನೆಯ ಗಲ್ಲಿಗೆ ಗಾಡಿ ಹೋಗುತ್ತಿರಲಿಲ್ಲ. ಅಶ್ವಥ್ ಗಲ್ಲಿಯ ಬಾಯಲ್ಲಿ ಗಾಡಿ ನಿಲ್ಲಿಸಿ ಅಲ್ಲೇ ಕುಳಿತ. ಒಳಗೆ ಹಾಲೆಮರದ ಹೊಟ್ಟು, ಅರಗಿನ ವಾಸನೆ. ಹಮೀದಾ ಮೊದಲೇ ಬಂದು ಕುಳಿತಿದ್ದಳು. ರಸೂಲ್ ತಲೆ ತಗ್ಗಿಸಿಕೊಂಡೇ ಮಾತಾಡಿದ. ಮಾಗಡಿ ರಸ್ತೆಯಲ್ಲಿ ಅಂಕಯ್ಯನೆಂಬ ದಲ್ಲಾಳಿಯೊಬ್ಬನ ಗೋಡೌನಿದೆ. ಹಳೇ ಮನೆಯ ಕಂಬ, ಬಾಗಿಲು ಕೊಂಡು ಮಾರುವವನು. ಪೆಟ್ಟಿಗೆ ಹೊಡೆಯಲು ರಸೂಲನನ್ನು ಅಲ್ಲಿಗೇ ಕರೆಸುತ್ತಿದ್ದ. ಆ ಕಲ್ಲನ್ನು ಹೊಸದಾಗಿ ಕೆತ್ತಿಸಿದ್ದು, ಫಾರಿನ್ನಿಗೆ ಹೋಗುತ್ತದೆ ಎಂದು ಹೇಳಿದ್ದ. ಕೈಗೆ ಎಣ್ಣೆಯ ಜಿಡ್ಡು ಅಂಟಿದಾಗ ರಸೂಲನಿಗೆ ಅನುಮಾನ ಬಂತು, ಆದರೆ ಕೇಳಲಿಲ್ಲ. ಕಲ್ಲಿಗೆ ಸುತ್ತಿ ತಂದಿದ್ದ ಕಂಬಳಿಯನ್ನು ಬಿಸಾಡಲು ಹೇಳಿದರು. ಒಳ್ಳೆಯ ಉಣ್ಣೆ ಎಂದು ಮನೆಗೆ ತಂದ. ಒಗೆಯಲು ಹಾಕಿದಾಗ ನೀರು ಕೆಂಪಾಯಿತು. ಹೆಂಡತಿ ಹೆದರಿ ಅದನ್ನು ಅಟ್ಟದ ಮೇಲೆ ತುರುಕಿದಳು.

ರಸೂಲ್ ಅಟ್ಟದಿಂದ ಕಂಬಳಿ ಇಳಿಸಿ ಅವಳ ಮುಂದೆ ಬಿಚ್ಚಿದ. ಇಲಿ ಕಡಿದ ಒಂದು ಅಂಚನ್ನು ಸರಸಮ್ಮ ತಾನೇ ಕೆಂಪು ದಾರದಿಂದ ಹೊಲಿದಿದ್ದಳು. ಅವಳು ಆ ಹೊಲಿಗೆಯ ಮೇಲೆ ಕೈ ಇಟ್ಟಳು. ಗಂಡ ಜಾರಿ ಬಿದ್ದದ್ದಲ್ಲ, ಮಾರಿಯೂ ಇಲ್ಲ. ಅವನನ್ನು ಹೊಡೆದು, ಅವನ ಕಂಬಳಿಯನ್ನೇ ಕಲ್ಲಿಗೆ ಸುತ್ತಿ ಒಯ್ದಿದ್ದಾರೆ. ಕಲ್ಲನ್ನು ಗೋಡೌನಿಗೆ ತಂದವರು ಯಾರೆಂದು ಕೇಳಿದಳು. ಯಾರೋ ಹುಡುಗ, ಟಾಟಾ ಏಸಿನಲ್ಲಿ ತಂದ, ಮತ್ತೆ ಕಂಡರೆ ಗುರುತು ಹಿಡಿಯುತ್ತೇನೆ ಎಂದ ರಸೂಲ್. ಅವಳಿಗೆ ಕುಡಿಯಲು ಏನಾದರೂ ತರುತ್ತೇನೆಂದು ಎದ್ದು ಗಲ್ಲಿಯ ಕಡೆ ಹೋದ. ಬರಿಗೈಯಲ್ಲಿ ತಿರುಗಿ ಬಂದ.

“ಅಮ್ಮ, ನಿಮ್ಮನ್ನ ಕರ್ಕೊಂಡ್ ಬಂದಿರೋ ಹುಡುಗ ಯಾರು?”

“ನನ್ ಮಗ.”

ರಸೂಲ್ ಅಕ್ಕನ ಮುಖ ನೋಡಿದ. ಹಮೀದಾ, ಇದ್ದದ್ದು ಹೇಳು ಎಂದಳು.

“ಕಲ್ಲು ಇಳಿಸ್ದೋನು ಅವನೇ ಅಮ್ಮ.”

ಸರಸಮ್ಮ ಕಂಬಳಿಯನ್ನು ಇಲ್ಲೇ ಜೋಪಾನವಾಗಿ ಇಟ್ಟಿರಿ ಎಂದು ಹೇಳಿ ಎದ್ದಳು. ಹಮೀದಾ ತನ್ನ ಜೊತೆಗೇ ಬಾ, ಅವನ ಗಾಡಿ ಹತ್ತಬೇಡ ಎಂದು ಕೈ ಹಿಡಿದುಕೊಂಡಳು. ಸರಸಮ್ಮ ಕೈ ಬಿಡಿಸಿಕೊಂಡು, “ಅವ್ನು ನನಗೇನೂ ಮಾಡಾಕಿಲ್ಲ ಕಣವ್ವ” ಎಂದಳು. ಅದನ್ನು ಹೇಳುವಾಗಲೂ ಅವನ ಪರವಾಗಿ ಮಾತಾಡುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಾಯಿತು.

ಸಾತನೂರು ದಾರಿಯುದ್ದಕ್ಕೂ ಅಶ್ವಥ್ ತೊಟ್ಟಿಲ ವಿಷಯ ಕೇಳುತ್ತಿದ್ದ. ಸಿಕ್ಕಲಿಲ್ಲ ಎಂದಳು. ದಾರಿಯಲ್ಲಿ ಗಾಡಿ ನಿಲ್ಲಿಸಿ ಎಳನೀರು ಕೊಡಿಸಿದ. ಅವಳಿಗೆ ಇಳಿಯಲಿಲ್ಲ. ಊರ ಕೆರೆ ಕಂಡಾಗ, ಏರಿಯ ಮೇಲೆ ನಿಲ್ಲಿಸು ಎಂದಳು. ಮಧ್ಯಾಹ್ನದ ಬಿಸಿಲು. ತೂಬಿನ ಹತ್ತಿರ ಯಾರೂ ಇರಲಿಲ್ಲ.

“ನಿಮ್ಮಾವನ ಕಂಬಳಿ ಸಿಕ್ತು ಕಣ್ಲಾ” ಎಂದಳು ಸರಸಮ್ಮ.

ಅಶ್ವಥ್ ಸ್ಟೇರಿಂಗ್ ಮೇಲೆ ತಲೆ ಇಟ್ಟ. ತಲೆ ಎತ್ತದೆಯೇ ಹೇಳತೊಡಗಿದ. ದೊಡ್ಡ ಗಾಡಿ ಮಾಡಬೇಕೆಂದು ಅವನಿಗೆ ಆಸೆಯಿತ್ತು. ಮುಳ್ಳುಗಿಡದ ನಡುವೆ ಬಿದ್ದಿರುವ ಕಲ್ಲು, ಫಾರಿನ್ನಿನವರು ಗಾಜಿನ ಮನೆಯಲ್ಲಿಟ್ಟು ನೋಡಿಕೊಳ್ಳುತ್ತಾರೆ ಎಂದು ಅಂಕಯ್ಯ ತಲೆ ತುಂಬಿದ್ದ. ಮದುವೆಯ ದಿನ ಅಂಕಯ್ಯನ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಮಾವ ಹುಳದ ಮನೆಯೊಳಗೆ ಇರುತ್ತಾನೆ, ಮಳೆಯ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡಿದ್ದ. ಕಲ್ಲು ಗಾಡಿಗೆ ಏರುವ ಹೊತ್ತಿಗೆ ತಿಮ್ಮಯ್ಯ ಬರಿಗಾಲಲ್ಲಿ ಓಡಿ ಬಂದ. ಬೈಯಲಿಲ್ಲ. “ಲೇ ಅಶ್ವಥ, ನೀನಾ?” ಎಂದು ಕೇಳಿ ಹಗ್ಗ ಹಿಡಿದುಕೊಂಡ. ಬಿಡಿಸಲು ಅಶ್ವಥ್ ದೂಡಿದ. ಹಿಂದಕ್ಕೆ ಬಿದ್ದವನ ತಲೆ ಕಲ್ಲಿನ ಅಂಚಿಗೆ ಬಡಿಯಿತು. ಸತ್ತನೆಂದು ಹೆದರಿ ಮೂವರೂ ಸೇರಿ ಕೆರೆಗೆ ಹಾಕಿದರು.

ಸರಸಮ್ಮನಿಗೆ ಡಾಕ್ಟರ ಮಾತು ನೆನಪಿತ್ತು. ಎದೆಯಲ್ಲಿ ನೀರು ತುಂಬಬೇಕಾದರೆ ಉಸಿರಾಡಿರಬೇಕು.

“ನೀರಿಗೆ ಹಾಕೋವಾಗ ಉಸುರಿತ್ತಾ?”

ಅವನು ತೂಬಿನ ಕಡೆ ನೋಡಿದ. ಅವಳು ಮತ್ತೆ ಕೇಳಿದಳು.

“ಇತ್ತು ಅವ್ವ” ಎಂದ.

ಸರಸಮ್ಮ ಗಾಡಿಯಿಂದ ಇಳಿದು ಮನೆಯವರೆಗೂ ನಡೆದುಕೊಂಡು ಹೋದಳು.

ಅವಳು ಕೂಡಲೇ ಠಾಣೆಗೆ ಹೋಗಲಿಲ್ಲ. ಇದನ್ನು ಆಮೇಲೆ ಬೇಕಾದಷ್ಟು ಜನ ತಪ್ಪು ಎಂದರು. ಒಳಗೆ ತುಂಬು ಬಸುರಿ ಲತಾಮಣಿ ಇದ್ದಳು. ಸರಸಮ್ಮ ಎಂದಿನಂತೆ ಮುದ್ದೆ ತೊಳಸಿದಳು, ಅಶ್ವಥ್‌ಗೂ ಬಡಿಸಿದಳು. ಅವನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಇವನನ್ನು ಎತ್ತಿ ಆಡಿಸಿದ ಕೈಯನ್ನೇ ಇವನು ನೀರಿಗೆ ಹಾಕಿದ ಎಂದು ಒಂದು ಗಳಿಗೆ ಅನ್ನಿಸಿದರೆ, ಇನ್ನೊಂದು ಗಳಿಗೆ ಅವನ ಬೋಳುತಲೆಯ ಮೇಲೆ ಮೂಡುತ್ತಿದ್ದ ಕೂದಲು ಕಂಡು ಚಿಕ್ಕಂದಿನಲ್ಲಿ ಮುಡಿ ಕೊಡಿಸಿದ್ದು ನೆನಪಾಗುತ್ತಿತ್ತು. ಬಿಟ್ಟುಬಿಡೋಣ ಎಂದೂ ಅನ್ನಿಸಿದ್ದುಂಟು.

ಹೀಗಿರುವಾಗ ಊರ ಹಿರಿಯರು ಬಂದರು. ಮಾಸ್ತಮ್ಮನ ಜಾಗಕ್ಕೆ ಶಾಂತಿ ಮಾಡಿಸಬೇಕು, ಮಾರಿಕೊಂಡ ಮನೆಯವರು ಅಲ್ಲಿಗೆ ಕಾಲಿಡಬಾರದು ಎಂದು ಹೇಳಿದರು. ಅಶ್ವಥ್ ಜಗಲಿಯ ಮೇಲೇ ಇದ್ದ. ಮಾವನ ಮೇಲೆ ಅವರು ಹೊರಿಸಿದ ಮಾತು ಕೇಳಿಕೊಂಡು ಸುಮ್ಮನೆ ಕುಳಿತಿದ್ದ. ಸರಸಮ್ಮ ಅವನ ಬಾಯಿ ತೆರೆಯುತ್ತದೇನೋ ಎಂದು ನೋಡಿದಳು. ತೆರೆಯಲಿಲ್ಲ. ಕೊಂದದ್ದಕ್ಕಿಂತ ಆ ಮೌನ ಅವಳನ್ನು ಹೆಚ್ಚು ಸುಟ್ಟಿತು.

ಹಿರಿಯರು ಹೋದ ಮೇಲೆ, “ನೀನೇ ಹೋಗಿ ಠಾಣೇಲಿ ಹೇಳ್ಬುಡು. ನಾನು ಜತೇಲಿ ಬತ್ತೀನಿ” ಎಂದಳು. ಬೆಳಿಗ್ಗೆ ಹೋಗೋಣ ಎಂದು ಅವನು ಒಪ್ಪಿದ. ಬೆಳಿಗ್ಗೆ ಗಾಡಿಯೂ ಇರಲಿಲ್ಲ, ಅವನೂ ಇರಲಿಲ್ಲ, ಲತಾಮಣಿಯೂ ಇರಲಿಲ್ಲ. ಸರಸಮ್ಮ ಒಬ್ಬಳೇ ಬಸ್ಸು ಹತ್ತಿ ಹೋಗಿ ಎಲ್ಲವನ್ನೂ ಹೇಳಿದಳು. ರಸೂಲ್ ಕಂಬಳಿಯೊಂದಿಗೆ ಬಂದು ತನ್ನ ಮಾತು ಹೇಳಿದ.

ಅಶ್ವಥ್ ಕಲ್ಯದಲ್ಲಿ ಹೆಂಡತಿಯ ತವರಿನಲ್ಲಿ ಸಿಕ್ಕಿದ. ಪೊಲೀಸರು ಕರೆದೊಯ್ಯುವಾಗ ಲತಾಮಣಿ ಜೀಪಿನ ಹಿಂದೆ ಓಡಿ ಬಿದ್ದಳಂತೆ. ಅಂಕಯ್ಯನೂ ಅವನ ಆಳುಗಳೂ ಸಿಕ್ಕಿದರು. ಕಲ್ಲು ಇನ್ನೂ ಹಡಗಿಗೆ ಹೋಗಿರಲಿಲ್ಲ, ಗೋಡೌನಿನಲ್ಲೇ ಇತ್ತು. ಪೆಟ್ಟಿಗೆ ಒಡೆಸಿ ತೆಗೆಸಿದರು. ಊರವರು ಲಾರಿ ಮಾಡಿಕೊಂಡು ಮಾಸ್ತಮ್ಮನನ್ನು ತರಲು ಹೋದರು. ಕೇಸು ಮುಗಿಯುವವರೆಗೆ ಕೊಡಲು ಬರುವುದಿಲ್ಲ ಎಂದು ವಾಪಸ್ಸು ಕಳಿಸಿದರು. ಹಿರಿಯರಲ್ಲಿ ಒಬ್ಬ ಸರಸಮ್ಮನ ಜಗಲಿಗೆ ಬಂದು, “ತಪ್ಪಾಯ್ತು ಕಣವ್ವ” ಎಂದ. ಅವಳು ನೀರು ತಂದುಕೊಟ್ಟಳು.

ರಾಮನಗರದ ಕೋರ್ಟಿನಲ್ಲಿ ಅವಳು ಸಾಕ್ಷಿ ಹೇಳುವ ದಿನ ಹಮೀದಾ ಜೊತೆಗಿದ್ದಳು. ಅಶ್ವಥ್‌ನ ಪರ ವಕೀಲ, ಇವನು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಆಸ್ತಿ ಕೊಡಬೇಕಾಗುತ್ತದೆ ಎಂದು ಹೀಗೆ ಹೇಳುತ್ತಿದ್ದೀರಿ ಎಂದ. ಸರಸಮ್ಮ ಕಟಕಟೆಯ ಮರವನ್ನು ಹಿಡಿದುಕೊಂಡು, “ಸಾಕಿದ್ದೂ ದಿಟ ಸ್ವಾಮಿ, ಅವ್ನು ಮಾಡಿದ್ದೂ ದಿಟ” ಎಂದಳು. ಆಚೆ ನಿಂತಿದ್ದ ಅಶ್ವಥ್ ಮುಖ ಮುಚ್ಚಿಕೊಂಡ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪಿನ ದಿನ ಅವಳು ಕೋರ್ಟಿಗೆ ಹೋಗಲಿಲ್ಲ. ಆ ದಿನ ಬೆಳಿಗ್ಗೆಯಿಂದ ಹುಳುಗಳಿಗೆ ಸೊಪ್ಪು ಹಾಕುತ್ತಲೇ ಇದ್ದಳೆಂದು ಪಕ್ಕದ ಮನೆಯವರು ಹೇಳುತ್ತಾರೆ.

ಅಶ್ವಥ್‌ನನ್ನು ಹಿಡಿದ ಸ್ವಲ್ಪ ದಿನಕ್ಕೇ ಲತಾಮಣಿಗೆ ಹೆಣ್ಣುಕೂಸು ಹುಟ್ಟಿತ್ತು. ಬಾಣಂತಿಗೆಂದು ತುಪ್ಪ, ಬೆಲ್ಲ, ಹುರಿಹಿಟ್ಟು ಕಟ್ಟಿಕೊಂಡು ಸರಸಮ್ಮ ಕಲ್ಯಕ್ಕೆ ಹೋದಾಗ ಬಾಗಿಲಲ್ಲೇ ತಡೆದರು. ಗಂಟನ್ನು ಜಗಲಿಯ ಮೇಲಿಟ್ಟು ಬಂದಳು. ಮುಂದಿನ ತಿಂಗಳು ಮತ್ತೆ ಹೋದಳು. ಹೀಗೆ ಹೋಗುತ್ತಿರುವಾಗ ಒಂದು ಸಲ ಲತಾಮಣಿಯೇ ಹೊರಗೆ ಬಂದು ಎದುರು ನಿಂತಳು. ಮೈ ಇಳಿದುಹೋಗಿತ್ತು.

“ಮಾವ ಹೆಂಗೂ ಹೋಗಿದ್ರು. ನೀವು ಸುಮ್ಕಿದ್ದಿದ್ರೆ ಆಗ್ತಿರ್ಲಿಲ್ವಾ ಅತ್ತೆ?”

“ಸುಮ್ಕಿದ್ದೆ ಕಣವ್ವ, ಒಸಿ ದಿನ. ಆಗ್ನಿಲ್ಲ” ಎಂದಳು ಸರಸಮ್ಮ.

ಲತಾಮಣಿ ಒಳಗೆ ಹೋದಳು. ಕ್ಷಮಿಸಿದಳೆಂದು ಹೇಳಲು ಬರುವುದಿಲ್ಲ. ಇವತ್ತಿಗೂ ಅವಳು ಅತ್ತೆಯ ಊರಿಗೆ ಬಂದಿಲ್ಲ. ಆದರೆ ಅಣ್ಣಂದಿರ ಹೊಲದ ಕೆಲಸಕ್ಕೆ ಹೋಗುವಾಗ ಕೂಸನ್ನು ನೋಡಿಕೊಳ್ಳುವವರು ಆ ಮನೆಯಲ್ಲಿ ಇರಲಿಲ್ಲ. ಸರಸಮ್ಮ ಬಂದ ದಿನ ಕೂಸನ್ನು ತಂದು ಅವಳ ಪಕ್ಕ ಜಗಲಿಯ ಮೇಲೆ ಕೂರಿಸಿ, ಒಂದು ಮಾತೂ ಆಡದೆ ಕುಡುಗೋಲು ತೆಗೆದುಕೊಂಡು ಹೊರಡುತ್ತಾಳೆ.

ಕೂಸು ಈಗ ಮಾತಾಡುತ್ತದೆ. ತನ್ನಪ್ಪ ಎಲ್ಲಿ ಎಂದು ಕೇಳುವಷ್ಟು ಇನ್ನೂ ಬೆಳೆದಿಲ್ಲ. ಸರಸಮ್ಮನನ್ನು ಏನೆಂದು ಕರೆಯಬೇಕೆಂದು ಯಾರೂ ಹೇಳಿಕೊಟ್ಟಿಲ್ಲದ್ದರಿಂದ, ಬಸ್ಸಿನಿಂದ ಇಳಿದು ಬರುವ ಅವಳನ್ನು ಕಂಡಾಗ ಸುಮ್ಮನೆ ನಗುತ್ತದೆ. ಸಂಜೆ ಲತಾಮಣಿ ಹುಲ್ಲಿನ ಹೊರೆ ಹೊತ್ತು ಬರುವವರೆಗೆ ಸರಸಮ್ಮ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುತ್ತಾಳೆ. ಆಮೇಲೆ ಎದ್ದು ಮಾಗಡಿಯ ಬಸ್ಸಿಗೆ ನಡೆಯುತ್ತಾಳೆ.